ಕಂಬವಿಲ್ಲದ ಹೊಲದಲ್ಲಿ ಲಲಿತಮ್ಮ ಸಿಕ್ಕ ವಿಚಾರ

ಠಾಣೆಯಲ್ಲಿ ನೆರೆದಿರುವ ಮಹಾಜನಗಳೇ! ಸಬ್ ಇನ್ಸ್‌ಪೆಕ್ಟರ್ ಸಾಹೇಬರೇ, ನನ್ನ ಮಾತನ್ನು ಬರೆದುಕೊಳ್ಳುತ್ತಿರುವ ಮುಖ್ಯಪೇದೆಯವರೇ, ಹಿಡಿದಿಟ್ಟ ಬೈಕು ಬಿಡಿಸಿಕೊಳ್ಳಲು ಬಂದು ಬೆಂಚಿನ ಮೇಲೆ ಕುಳಿತಿರುವ ಸಹೋದರರೇ, ಎಲ್ಲರೂ ಕಿವಿಗೊಟ್ಟು ಕೇಳುವಂಥವರಾಗಿ.

ನನ್ನ ಹೆಸರು ಕೃಷ್ಣಮೂರ್ತಿ ಆಚಾರಿ, ವಯಸ್ಸು 59 ವರ್ಷ, ಕಸುಬು ಬಡಗಿ ಕೆಲಸ ಮತ್ತು ಪೌರಾಣಿಕ ನಾಟಕ ಕಲಿಸುವುದು, ವಾಸ ಕಿರಂಗೂರು, ಶ್ರೀರಂಗಪಟ್ಟಣ ತಾಲ್ಲೂಕು. ನನ್ನ ಹೆಂಡತಿ ಲಲಿತಮ್ಮ, 54 ವರ್ಷ, ಕಾಣೆಯಾಗಿದ್ದಾಳೆಂದು ಕಳೆದ ಮಂಗಳವಾರ ಇದೇ ಠಾಣೆಯಲ್ಲಿ ದೂರು ಕೊಟ್ಟಿದ್ದೆ. ಅದರ ಮುಂದುವರಿಕೆಯಾಗಿ ಈ ಮೂಲಕ ತಿಳಿಸುವುದೇನೆಂದರೆ, ಅವಳು ಸಿಕ್ಕಿದ್ದಾಳೆ. ಆದರೆ ನನಗೆ ಸಿಕ್ಕಿದ್ದಾಳೋ ಇಲ್ಲವೋ ತಿಳಿಯುತ್ತಿಲ್ಲ.

ದಿನಾಂಕ 11-11-2024ರ ಸೋಮವಾರ ಬೆಳಿಗ್ಗೆ ಸುಮಾರು ಒಂಬತ್ತು ಗಂಟೆಯಲ್ಲಿ ನಾನು ಮನೆಯ ಮುಂದಿನ ಶೆಡ್ಡಿನಲ್ಲಿ ಮರ ಹೆರೆಯುವ ಮಿಷನ್ನು ಹಾಕಿಕೊಂಡಿದ್ದೆ. ಲಲಿತಮ್ಮ ಕಾಫಿ ಇಟ್ಟು ಏನೋ ಹೇಳಿದಳು. ಮಿಷನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಸರಿ ಎಂದು ತಲೆಯಾಡಿಸಿದೆ. ಮಧ್ಯಾಹ್ನ ಒಳಗೆ ಹೋದಾಗ ಮುದ್ದೆ, ಉಪ್ಸಾರು ಮುಚ್ಚಿಟ್ಟಿದ್ದವು. ಅವಳ ಮೊಬೈಲು ಚಾರ್ಜರಿನ ಸಮೇತ ದೇವರ ಗೂಡಿನ ಕೆಳಗೆ ಇತ್ತು. ಮರೆತು ಹೋಗಿದ್ದಾಳೆಂದು ತಿಳಿದೆ.

ಸಂಜೆ ಎಂದಿನಂತೆ ನಾಟಕದ ಹುಡುಗರು ಬಂದರು. ಹಾರ್ಮೋನಿಯಂ, ಮೈಕು, ಎರಡು ಬಾಕ್ಸು ಹಜಾರದಲ್ಲೇ ಇರುತ್ತವೆ. ಗದೆ ಹಿಡಿಯುವ ಪಾರ್ಟಿನವನಿಗೆ ಏರುದನಿ ಬಾರದೆ ನಾನೇ ಹಾಡಿ ತೋರಿಸುತ್ತಿದ್ದೆ. ಹುಡುಗರು, 'ಮೇಷ್ಟ್ರೇ, ಅಮ್ಮಾರು ಇವತ್ತು ಕಾಫಿ ತಂದಿಲ್ವಲ್ಲ' ಎಂದಾಗಲೇ ಅವಳಿನ್ನೂ ಮನೆಗೆ ಬಂದಿಲ್ಲವೆಂದು ನನ್ನ ಗಮನಕ್ಕೆ ಬಂದಿತು. ಪಾಂಡವಪುರದಲ್ಲಿರುವ ಅವಳ ಅಕ್ಕನಿಗೆ ಫೋನು ಮಾಡಿದೆ. ಅಲ್ಲಿಗೆ ಬಂದಿಲ್ಲವೆಂದರು.

ಮರುದಿನ ಹೊಸಹೊಳಲಿನಲ್ಲಿರುವ ಮಗಳು ರಮ್ಯಶ್ರೀಯ ಮನೆಗೆ ಹೋದೆ. ಅವಳು ಗಾಬರಿಯಾಗಲಿಲ್ಲ. 'ಅಪ್ಪ, ಅಮ್ಮ ಒಂದು ವರ್ಸದಿಂದ ಹೇಳ್ತಾನೇ ಅವ್ಳೆ, ಊರ್ ಬುಟ್ಟು ಕರೆಂಟಿಲ್ದಿರೋ ಕಡೆ ಇರ್ತೀನಿ ಅಂತ. ನೀವು ಅದನ್ನೂ ಯಾವ್ದೋ ಪಾರ್ಟು ಅಂದ್ಕೊಂಡ್ರಾ?' ಎಂದಳು. ಎಲ್ಲಿದ್ದಾಳೆಂದು ಕೇಳಿದರೆ, ಅಮ್ಮನನ್ನು ಕೇಳದೆ ಹೇಳುವುದಿಲ್ಲವೆಂದಳು. ಹೆತ್ತ ಮಗಳೇ ಹೀಗೆಂದ ಮೇಲೆ ಇದರ ಹಿಂದೆ ಯಾರೋ ಇದ್ದಾರೆಂದು ನಿಶ್ಚಯಿಸಿ, ನೇರ ಬಂದು ದೂರು ಕೊಟ್ಟೆ.

ಗುರುವಾರ ಮಗಳೇ ಹೋಗಿ ಅವಳನ್ನು ಕೇಳಿ ಬಂದು ಫೋನು ಮಾಡಿ, ಅಮ್ಮ ಒಪ್ಪಿದ್ದಾಳೆ, ತಾತನ ಹೊಲಕ್ಕೆ ಹೋಗಿ ಎಂದಳು. ಆ ಹೊಲ ನಾಗಮಂಗಲ ತಾಲ್ಲೂಕಿನ ನನ್ನ ಹೆಂಡತಿಯ ತವರೂರಿನಿಂದ ಆಚೆ, ಬೋರೆಗುಡ್ಡದ ಮಗ್ಗುಲಲ್ಲಿದೆ. ಅವರಪ್ಪ ಅವಳ ಹೆಸರಿಗೆ ಬರೆದಿದ್ದ ಇಪ್ಪತ್ತು ಗುಂಟೆ. ವರ್ಷದಿಂದ ಅವಳು ಆಗಾಗ ಅವರೆಕಾಯಿಗೆಂದು ಹೋಗಿ ಬರುತ್ತಿದ್ದಳು. ಹೋದವಳು ಗೋಡೆ ಎಬ್ಬಿಸುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ತಲುಪಿದೆ. ಕರೆಂಟಿನ ಕಂಬ ರೋಡಿನಲ್ಲೇ ನಿಂತುಬಿಟ್ಟಿದೆ, ಅಲ್ಲಿಂದ ಮುಂದೆ ಒಂದೂ ಇಲ್ಲ. ಹೊಲದ ನಡುವೆ ಮಣ್ಣಿನ ಗೋಡೆ, ನಾಡಹೆಂಚು, ಒಂದೇ ಕೋಣೆ. ಬಾಗಿಲಿಲ್ಲ, ನಾನು ತಂದುಕೊಟ್ಟಿದ್ದ ಹಸಿರು ಸೀರೆಯನ್ನೇ ಅಡ್ಡ ಕಟ್ಟಿದ್ದಳು. ನಾನು ಬದುವಿನ ಮೇಲೆ ನಿಂತು, ನಾಟಕದಲ್ಲಿ ಕಡೆಯ ಸಾಲಿಗೂ ಮುಟ್ಟುವ ದನಿಯಲ್ಲಿ, 'ಲಲಿತಾ!' ಎಂದು ಕೂಗಿದೆ. ಪಕ್ಕದ ಹೊಲದಲ್ಲಿ ರಾಗಿ ಕುಯ್ಯುತ್ತಿದ್ದ ದ್ಯಾವಮ್ಮ ಎಂಬವರು ಕುಡುಗೋಲು ಹಿಡಿದೇ ಎದ್ದು ಬಂದು, 'ಯಾರ್ಲಾ ಅದು, ಅಂಗ್ ಕಿರಚ್ಕತಾ ಇರೋನು? ಕೋಳಿಯೆಲ್ಲಾ ಚದ್ರೋದೊ!' ಎಂದರು. ಹತ್ತಿರ ಬಂದು ನನ್ನ ಮೀಸೆ ನೋಡಿ, 'ಓ, ಆಚಾರ್ರಾ? ಲಲ್ತಮ್ಮ ಏಳಿತ್ತು ಬುಡಿ, ಅವ್ರು ಬಂದ್ರೆ ನಾಗಮಂಗ್ಲದಿಂದ್ಲೇ ಗೊತ್ತಾಯ್ತದೆ ಅಂತ' ಎಂದು ನಕ್ಕರು. ಮಾಟ ಮಾಡಿಸಿ ಅವಳನ್ನು ಎಳೆದುಕೊಂಡವರು ಇವರೇ ಇರಬೇಕೆಂದು ಅನುಮಾನಪಟ್ಟೆ. ಅವರು ಮಜ್ಜಿಗೆ ಕೊಟ್ಟರು, ಕುಡಿದೆ.

ಲಲಿತಮ್ಮ ಬಾವಿಯಿಂದ ನೀರು ಹೊತ್ತು ಬಂದಳು. ತಾಳಿ, ಬಳೆ, ಕುಂಕುಮ ಎಲ್ಲವೂ ಇದ್ದವು. ಸೊರಗಿ ಹೋಗಿರುತ್ತಾಳೆಂದುಕೊಂಡಿದ್ದೆ, ಸೊರಗಿರಲಿಲ್ಲ. ಯಾರು ಕರೆತಂದರೆಂದು ಕೇಳಿದೆ. ಬಸ್ಸು ಎಂದಳು. ಹೇಳದೆ ಕೇಳದೆ ಬರಬಹುದೇ ಎಂದೆ. 'ಏಳ್ದೆ ಕಣ್ರೀ. ನೀವು ತಲೆ ಆಡ್ಸುದ್ರಿ' ಎಂದಳು. ನಾನು ಎಂದಾದರೂ ಕೈ ಎತ್ತಿದ್ದೇನೆಯೇ ಎಂದೆ. ಇಲ್ಲವೆಂದಳು. ಉಣ್ಣಲು ಉಡಲು ಕಡಿಮೆ ಮಾಡಿದ್ದೇನೆಯೇ ಎಂದೆ. ಇಲ್ಲವೆಂದಳು. ಹಾಗಾದರೆ ನನ್ನ ಮೇಲೆ ಸಿಟ್ಟೇ ಎಂದು ಕೇಳಿದೆ. 'ಸಿಟ್ಟಿದ್ದಿದ್ರೆ ಅಲ್ಲೇ ಇದ್ದು ಜಗಳ ಆಡ್ತಿದ್ದೆ' ಎಂದಳು.

ಹಿಂದಿನ ಕೋಣೆಗೆ ಫ್ಯಾನು ಹಾಕಿಸಿ ಅದನ್ನು ನಿನಗೇ ಬಿಟ್ಟುಕೊಡುತ್ತೇನೆ ಎಂದೆ. ನಕ್ಕಳು. ಕತ್ತಲಾದರೆ ಭಯವಾಗುವುದಿಲ್ಲವೇ ಎಂದೆ. 'ಇಲ್ಲಿ ನನ್ ಬಳೆ ಸದ್ದು ನಂಗೇ ಕೇಳುಸ್ತದೆ ಕಣ್ರೀ' ಎಂದಳು. ನಾನು ಕೇಳಿದ್ದಕ್ಕೂ ಅವಳು ಹೇಳಿದ್ದಕ್ಕೂ ಏನು ಸಂಬಂಧವೆಂದು ಈ ಕ್ಷಣದವರೆಗೂ ನನಗೆ ತಿಳಿದಿಲ್ಲ. ಆದರೆ ಅವಳು ಹಾಗೆಂದು ಅವರೆಕಾಯಿ ಸುಲಿಯತೊಡಗಿದಳು, ನಾನೂ ಪಕ್ಕದಲ್ಲಿ ಕುಳಿತು ಸುಲಿದೆ. ಬಳೆ ಸದ್ದು ನನಗೂ ಕೇಳಿಸಿತು ಎಂಬುದನ್ನು ದಾಖಲಿಸಬೇಕು.

ಹೊರಡುವಾಗ ಅವಳೇ ಸೀರೆ ಕಟ್ಟಿದ್ದ ಬಾಗಿಲ ಜಾಗವನ್ನು ತೋರಿಸಿ, 'ಹಾವು ಹುಳ ಬತ್ತವೆ. ಸ್ವಾಮಾರ ಬೆಳಿಗ್ಗೆ ದಿನ ಚೆನ್ನಾಗದೆ. ನೀವು ಒಳ್ಳೆ ಆಚಾರ್ರು, ಒಂದು ಬಾಗ್ಲು ನಿಲ್ಸಿ ಕೊಡಿ. ಶಾಸ್ತ್ರವಾಗೇ ಆಗ್ಲಿ, ತಾಂಬೂಲ ಎತ್ತಿಟ್ಟಿರ್ತೀನಿ' ಎಂದಳು.

ಸಾಹೇಬರೇ, ನನ್ನ ಸಂಕಟ ಇಲ್ಲಿದೆ. ಬಾಗಿಲು ನಿಲ್ಲಿಸುವ ಶಾಸ್ತ್ರದಲ್ಲಿ ಮನೆಯ ಗಂಡ ಹೆಂಡತಿ ಜೋಡಿ ಮಣೆಯ ಮೇಲೆ ಕುಳಿತು ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾರೆ. ಬಾಗಿಲು ಮಾಡಿದ ಆಚಾರಿ ಆಚೆ ನಿಂತು ತಾಂಬೂಲ, ಪಂಚೆ ತೆಗೆದುಕೊಂಡು ತನ್ನ ದಾರಿ ಹಿಡಿಯುತ್ತಾನೆ. ಈ ಸೀಮೆಯಲ್ಲಿ ನಾನು ನಿಲ್ಲಿಸಿದ ಬಾಗಿಲುಗಳಿಗೆ ಲೆಕ್ಕವಿಲ್ಲ. ಒಬ್ಬನೇ ಆಸಾಮಿ ಎರಡೂ ಜಾಗದಲ್ಲಿ ನಿಂತದ್ದನ್ನು ನಾನು ಕಂಡಿಲ್ಲ. ಮಣೆ ಎಷ್ಟು ಹಾಕುತ್ತೀಯೆಂದು ಅಲ್ಲೇ ಅವಳನ್ನು ಕೇಳಿದೆ. 'ಮೊದ್ಲು ಬಾಗ್ಲು ತನ್ನಿ' ಎಂದಳು. ದ್ಯಾವಮ್ಮನವರನ್ನು ಕೇಳಿದರೆ, 'ಅಯ್ಯೋ ಸಿವ್ನೇ, ಇಷ್ಟು ನಾಟ್ಕ ಕಲ್ಸೀರಿ, ನಿಮ್ ಪಾರ್ಟು ನಿಮ್ಗೇ ಗೊತ್ತಿಲ್ವಾ!' ಎಂದರು.

ನಿನ್ನೆಯೂ ಇಂದೂ ಕುಳಿತು ಹಲಸಿನ ಮರದಲ್ಲಿ ಬಾಗಿಲು, ಚೌಕಟ್ಟು ಮುಗಿಸಿದ್ದೇನೆ. ಚಿಲಕವನ್ನು ಒಳಮಗ್ಗುಲಿಗೆ ಮಾತ್ರ ಇಡಬೇಕೆಂದು ಅವಳು ಆಗಲೇ ಹೇಳಿದ್ದಳು, ಹಾಗೆಯೇ ಇಟ್ಟಿದ್ದೇನೆ. ಯಾರೂ ಅವಳನ್ನು ಕೂಡಿಹಾಕಿಲ್ಲ, ಪುಸಲಾಯಿಸಿಲ್ಲ. ದ್ಯಾವಮ್ಮನವರ ಮೇಲೆ ನನಗೆ ಯಾವ ಅನುಮಾನವೂ ಉಳಿದಿಲ್ಲ. ಕಾಣೆಯಾದ ಪ್ರಕರಣವನ್ನು ತಾವು ಮುಕ್ತಾಯ ಮಾಡಬಹುದು.

ಮೇಲೆ ಬರೆದದ್ದೆಲ್ಲ ನನ್ನ ಬಾಯಿಂದಲೇ ಬಂದದ್ದು. ಓದಿ ಹೇಳಿದ್ದನ್ನು ಕೇಳಿದ್ದೇನೆ. ನನಗೆ ತಿಳಿದ ಮಟ್ಟಿಗೆ ಸತ್ಯ, ತಿಳಿಯದ ಕಡೆ ತಿಳಿಯದೆಂದೇ ಹೇಳಿದ್ದೇನೆ.

ಕಡೆಯದಾಗಿ ಸಭೆಗೆ ಅರಿಕೆ. ನಾಳೆ ಬೆಳಿಗ್ಗೆ ಬಾಗಿಲನ್ನು ಗೂಡ್ಸ್ ಆಟೋಗೆ ಹೇರಿಕೊಂಡು ಹೋಗುತ್ತೇನೆ. ದಾರದ ತೂಗುಗುಂಡು ಇಳಿಬಿಟ್ಟು, ಕೂದಲೆಳೆ ಓರೆಯಾಗದಂತೆ ಚೌಕಟ್ಟು ನಿಲ್ಲಿಸುತ್ತೇನೆ. ಆಮೇಲೆ ಕೈ ತೊಳೆದು, ಹೊಸ್ತಿಲಿಂದ ಆಚೆಗೆ ಇಳಿದು, ತುಟಿ ಎರಡು ಮಾಡದೆ ನಿಲ್ಲುತ್ತೇನೆ. ಅವಳ ಪಕ್ಕಕ್ಕೆ ಮಣೆ ಹಾಕಿದರೆ ಕೂರುತ್ತೇನೆ. ತಾಂಬೂಲದ ತಟ್ಟೆ ನೀಡಿದರೆ ಆಚಾರಿಯಾಗಿ ಎರಡು ಕೈಯಲ್ಲೂ ತೆಗೆದುಕೊಂಡು ಬಸ್ಸು ಹತ್ತುತ್ತೇನೆ.

ಸ್ಥಳ: ಶ್ರೀರಂಗಪಟ್ಟಣ
ದಿನಾಂಕ: 17-11-2024
ಸಹಿ: ಕೃಷ್ಣಮೂರ್ತಿ ಆಚಾರಿ