ಕವಾಯತು ಅಂಗಳದಲ್ಲಿ ನನ್ನ ಭಾವ ಆಡಿದ ಮಾತಿನ ಕುರಿತು

ಹೇಳಿಕೆ ಕೊಡುವವರು: ಅಗ್ನಿಶಾಮಕ ಠಾಣೆಯ ವಾಹನ ಚಾಲಕ. ವಯಸ್ಸು ಮೂವತ್ತೆಂಟು. ವಾಸ, ಸದರಿ ಠಾಣೆಯ ಹಿಂದಿನ ವಸತಿಗೃಹಗಳಲ್ಲಿ ಆರನೆಯ ಮನೆ. ಮೃತ ಫೈರ್‌ಮನ್ ಅವರ ಹೆಂಡತಿಯ ಸ್ವಂತ ತಮ್ಮ.

ಈ ದಿನ ಸಂಜೆ ಆರೂವರೆ ಗಂಟೆಗೆ ಆಸ್ಪತ್ರೆಯ ಪೊಲೀಸ್ ಹೊರಠಾಣೆಯಲ್ಲಿ ತಮ್ಮೆದುರು ಕುಳಿತು ನಾನು ಹೇಳಿ ಬರೆಸುತ್ತಿರುವುದೇನೆಂದರೆ:

ಮೃತರು ನನ್ನ ಅಕ್ಕನ ಗಂಡ. ವಯಸ್ಸು ನಲವತ್ತನಾಲ್ಕು. ನಾವಿಬ್ಬರೂ ಒಂಬತ್ತು ವರ್ಷದಿಂದ ಒಂದೇ ಗಾಡಿಯಲ್ಲಿ ಕೆಲಸ ಮಾಡಿದವರು. ನಾನು ಮುಂದೆ ಸ್ಟೀರಿಂಗ್ ಹಿಡಿದರೆ ಅವರು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಠಾಣೆಯಲ್ಲಿ ಎಲ್ಲರೂ ಅವರನ್ನು ಕೋಲಿಲ್ಲದ ಮೇಷ್ಟ್ರು ಎಂದು ಕರೆಯುತ್ತಿದ್ದರು. ಅವರು ಯಾರ ಮೇಲೂ ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಬಾಗಿಲಿಗೆ ಅಡ್ಡ ಮಲಗಿದ ಠಾಣೆಯ ನಾಯಿಗೂ ಸ್ವಲ್ಪ ಜಾಗ ಬಿಡಪ್ಪಾ ಎಂದು ಹೇಳಿ, ಅದು ಮೈಮುರಿದು ಏಳುವವರೆಗೆ ಕಾದು ಆಮೇಲೆ ದಾಟುವವರು. ಕುಡಿತದ ವಿಷಯ ಈಗ ಎದ್ದಿರುವುದರಿಂದ ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಂಜೆ ಎರಡನೇ ಲೋಟ ಟೀ ಕುಡಿದರೆ ರಾತ್ರಿ ನಿದ್ದೆ ಕೆಡುತ್ತದೆ ಎಂದು ಲೋಟವನ್ನು ಕವುಚಿ ಇಡುತ್ತಿದ್ದ ಮನುಷ್ಯ ಅವರು. ಬರೆದುಕೊಳ್ಳುತ್ತಿರುವ ಪೇದೆಯವರು ಇದೆಲ್ಲ ಪ್ರಕರಣಕ್ಕೆ ಬೇಡ ಎಂದರು. ಬೇಕು ಎಂದು ನಾನು ಹಟ ಹಿಡಿದಿದ್ದರಿಂದ ಬರೆಯಲಾಗಿದೆ.

ಭಾವನವರು ತಮ್ಮ ತಾಯಿಯ ಕಾಯಿಲೆಯ ಕಾರಣ ಮೂರು ವಾರ ರಜೆಯಲ್ಲಿದ್ದು ನಿನ್ನೆಯಷ್ಟೇ ಕೆಲಸಕ್ಕೆ ಬಂದಿದ್ದರು. ಆ ಮೂರು ವಾರವೂ ಆಸ್ಪತ್ರೆಯ ವಾರ್ಡಿನಲ್ಲಿ ತಾಯಿಯ ಮಂಚದ ಪಕ್ಕ ಕುಳಿತೇ ಕಳೆದಿದ್ದರು. ಬಿಸಿಲು ಏರಿದ್ದು ಅದೇ ಮೂರು ವಾರದಲ್ಲಿ. ನಾವು ಉಳಿದವರು ದಿನಾ ಒಂದಿಷ್ಟು ಬೆಂದು ಅದಕ್ಕೆ ಒಗ್ಗಿಕೊಂಡಿದ್ದೆವು, ಅವರು ಒಗ್ಗಿರಲಿಲ್ಲ.

ಬರುವ ವಾರ ಠಾಣೆ ಠಾಣೆಗಳ ನಡುವೆ ಕವಾಯತು ಸ್ಪರ್ಧೆ ಇದೆ. ನಮ್ಮ ಠಾಣಾಧಿಕಾರಿ ಸಾಹೇಬರು ಬಂದು ಎರಡು ತಿಂಗಳಾಗಿದೆ, ವಯಸ್ಸು ಇಪ್ಪತ್ತೊಂಬತ್ತು. ಕೆಟ್ಟವರೆಂದು ನಾನು ಹೇಳುವುದಿಲ್ಲ. ಗೆಲ್ಲಬೇಕೆಂಬ ಹಟ ಅವರಿಗೆ ತಲೆಗೇರಿತ್ತು. ಅಭ್ಯಾಸ ದಿನಾ ಬೆಳಿಗ್ಗೆ ಆರಕ್ಕೆ ನಡೆಯುತ್ತಿತ್ತು. ಈ ದಿನ ಬೆಳಿಗ್ಗೆ ಐದೂ ಹತ್ತಕ್ಕೆ ಕಸದ ಗುಡ್ಡೆಗೆ ಬೆಂಕಿ ಬಿದ್ದಿದೆ ಎಂದು ಕರೆ ಬಂದು ನಾವೆಲ್ಲ ಹೋದೆವು. ವಾಪಸು ಬಂದಾಗ ಹನ್ನೊಂದೂ ಇಪ್ಪತ್ತು. ನಾನು ಗಾಡಿಯ ಟ್ಯಾಂಕಿಗೆ ನೀರು ತುಂಬಿಸಿದೆ. ನೀರಿನ ರಭಸ ಕಡಿಮೆ ಇದ್ದುದರಿಂದ ಟ್ಯಾಂಕು ತುಂಬಲು ಮುಕ್ಕಾಲು ಗಂಟೆ ಹಿಡಿಯಿತು.

ತಪ್ಪಿದ ಅಭ್ಯಾಸವನ್ನು ಹನ್ನೆರಡೂವರೆಗೆ ಮಾಡಬೇಕೆಂದು ಸಾಹೇಬರು ಹೇಳಿದರು. ಮುಖ್ಯ ಫೈರ್‌ಮನ್ ಅವರು ಸಂಜೆಗೆ ಇಟ್ಟುಕೊಳ್ಳೋಣ ಎಂದು ಕೇಳಿಕೊಂಡರು. ಬೆಂಕಿ ಏನು ಬಿಸಿಲು ನೋಡಿಕೊಂಡು ಬರುತ್ತದೆಯೇ ಎಂದು ಸಾಹೇಬರು ತಿರುಗಿ ಕೇಳಿದರು. ಎದುರಿನ ಪೆಟ್ರೋಲ್ ಬಂಕಿನ ಫಲಕದಲ್ಲಿ ಆಗ ನಲವತ್ತಮೂರು ಡಿಗ್ರಿ ತೋರಿಸುತ್ತಿತ್ತು.

ಅಭ್ಯಾಸ ಹೀಗಿರುತ್ತದೆ. ದಪ್ಪ ಕೋಟು, ಹೆಲ್ಮೆಟ್ಟು, ಬೂಟು ಹಾಕಿಕೊಂಡು ಗಾಡಿಯ ಹತ್ತಿರದಿಂದ ಸುತ್ತಿದ ಹೋಸ್ ಪೈಪನ್ನು ಹೆಗಲ ಮೇಲೆ ಹೊತ್ತು ಅರವತ್ತು ಮೀಟರ್ ಓಡಬೇಕು. ಕವಾಯತು ಗೋಪುರದ ನಾಲ್ಕು ಮಹಡಿ ಹತ್ತಿ ಇಳಿದು, ಮತ್ತೆ ಓಡಿ ಗಾಡಿಗೆ ಬರಬೇಕು. ಹೀಗೆ ನಾಲ್ಕು ಸುತ್ತು. ಸಾಹೇಬರು ಕೊನೆಯ ಶಿಳ್ಳೆ ಊದುವವರೆಗೆ ಕೋಟಿನ ಒಂದು ಗುಂಡಿಯನ್ನೂ ಬಿಚ್ಚುವಂತಿಲ್ಲ. ಇದು ಸಾಹೇಬರು ಮಾಡಿದ ನಿಯಮವಲ್ಲ, ನಮ್ಮಲ್ಲಿ ಮೊದಲಿನಿಂದ ಇರುವ ರೂಢಿ. ಮೊದಲೇ ಗುಂಡಿ ಬಿಚ್ಚಿದವನನ್ನು ನಾವೇ ವಾರಗಟ್ಟಲೆ ಮದುಮಗಳು ಎಂದು ಕರೆದು ಗೋಳು ಹೊಯ್ದುಕೊಳ್ಳುತ್ತೇವೆ.

ನಾನು ಚಾಲಕನಾದ್ದರಿಂದ ಗಾಡಿಯಲ್ಲೇ ಕುಳಿತಿದ್ದೆ. ಭಾವನವರು ಎರಡು ಸುತ್ತು ಸರಿಯಾಗಿ ಮಾಡಿದರು. ಮೂರನೆಯ ಸುತ್ತಿನಲ್ಲಿ ಪೈಪನ್ನು ಇಡಬೇಕಾದ ಕಡೆ ಇಡದೆ ಗೋಡೆಯ ಹತ್ತಿರ ಇಟ್ಟು ಬಂದರು. ಮುಖ್ಯ ಫೈರ್‌ಮನ್ ಅವರು, ಮೇಷ್ಟ್ರಿಗೆ ರಜೆಯ ಮಂಪರು ಇನ್ನೂ ಇಳಿದಿಲ್ಲ ಎಂದು ತಮಾಷೆ ಮಾಡಿದರು. ನಾಲ್ಕನೆಯ ಸುತ್ತು ಮುಗಿದಾಗ ಒಂದು ಗಂಟೆಗೆ ಐದು ನಿಮಿಷವಿತ್ತು. ಉಳಿದವರು ಗಾಡಿಯ ಕಡೆ ಬಂದರು. ಭಾವನವರು ಮಾತ್ರ ಅಂಗಳದ ನಡುವೆ ಗಡಿಯಾರ ಹಿಡಿದು ನಿಂತಿದ್ದ ಸಾಹೇಬರ ಕಡೆ ನಡೆದರು. ನಡಿಗೆ ಸೊಟ್ಟಗಿತ್ತು. ಸಾಹೇಬರ ಎದುರು ನಿಂತು, ಅವರ ಬೂಟನ್ನು ನೋಡುತ್ತಾ, ಒಂದು ಮಾತು ಹೇಳಿದರು. ಆ ಮಾತನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

"ಪುಟ್ಟಾ, ಚಪ್ಪಲಿ ಎಲ್ಲೋ? ಕಾಲು ಸುಡಲ್ವಾ? ಬಿಸಿಲಲ್ಲಿ ನಿಂತ್ಕೋಬೇಡ, ಒಳಗೆ ಹೋಗು."

ಎಲ್ಲರೂ ಗೊಳ್ಳೆಂದು ನಕ್ಕರು. ಸಾಹೇಬರಿಗೆ ಅವಮಾನವಾಯಿತು. ಅವರ ಮುಖ ಕೆಂಪಗಾದದ್ದು ನನಗೆ ಗಾಡಿಯಿಂದಲೇ ಕಂಡಿತು. ಅವರು ಬಗ್ಗಿ ಭಾವನವರ ಬಾಯಿ ಮೂಸಿದರು. ರಾತ್ರಿ ಕುಡಿದದ್ದು ಇನ್ನೂ ಇಳಿದಿಲ್ಲವೆಂದೂ, ಅದನ್ನು ತಾವು ಇಳಿಸುವುದಾಗಿಯೂ ಹೇಳಿ, ಇನ್ನೊಂದು ಸುತ್ತು ಒಬ್ಬರೇ ಓಡಬೇಕೆಂದು ಆಜ್ಞೆ ಮಾಡಿದರು. ಪುಟ್ಟ ಎನ್ನುವುದು ಅವರ ಮಗಳನ್ನು ಮನೆಯಲ್ಲಿ ಕರೆಯುವ ಹೆಸರು, ಅವರಿಗೆ ಏನೋ ಆಗಿದೆ ಎಂದು ನಾನು ಕಿಟಕಿಯಿಂದ ಕೂಗಿ ಹೇಳಿದೆ. ನಂಟಸ್ತನ ಮನೆಯಲ್ಲಿ ಇಟ್ಟುಕೊಳ್ಳಿ ಎಂದು ಸಾಹೇಬರು ನನಗೆ ಹೇಳಿದರು.

ಭಾವನವರು ವಾದ ಮಾಡಲಿಲ್ಲ. ಸೆಲ್ಯೂಟ್ ಮಾಡಿದರು. ಪೈಪು ಎತ್ತಿಕೊಂಡು ಓಡಿದರು. ಎರಡನೇ ಮಹಡಿಯವರೆಗೆ ಹತ್ತಿ, ಏನೋ ನೆನಪಾದವರಂತೆ ನಿಂತು, ಇಳಿದು ಬಂದರು. ಗಾಡಿಗೆ ಇನ್ನು ಆರೇಳು ಮೀಟರ್ ಇರುವಾಗ ಮುಖ ಅಡಿಯಾಗಿ ಬಿದ್ದರು. ಆಗ ಒಂದು ಗಂಟೆ ಎರಡು ನಿಮಿಷ.

ನಾವು ನಾಲ್ಕು ಜನ ಅವರನ್ನು ಎತ್ತಿ ಫೋನಿನ ಕೋಣೆಯ ಮಂಚದ ಮೇಲೆ ಮಲಗಿಸಿದೆವು. ಮೈ ಮುಟ್ಟಿದರೆ ಒಲೆಯ ಮೇಲಿಂದ ಇಳಿಸಿದ ಪಾತ್ರೆ ಮುಟ್ಟಿದಂತಿತ್ತು. ಗಾಡಿಯ ನೀರು ಬಿಟ್ಟು ಮೈ ನೆನೆಸೋಣ ಎಂದು ನಾನು ಹೇಳಿದೆ. ಮುಖ್ಯ ಫೈರ್‌ಮನ್ ಅವರು ಬೇಡವೆಂದರು. ಮೈ ಇನ್ನೂ ಬೆವರುತ್ತಿದೆ, ಬೆವರು ಇರುವವರೆಗೆ ಭಯವಿಲ್ಲ, ಕಾದ ಮೈಗೆ ತಣ್ಣೀರು ಬಿದ್ದರೆ ಎದೆ ನಿಂತುಹೋಗುತ್ತದೆ ಎಂದರು. ಅವರು ಇಪ್ಪತ್ತಾರು ವರ್ಷ ಸರ್ವಿಸ್ ಆದವರು, ಭಾವನವರನ್ನು ತಮ್ಮನಂತೆ ಕಂಡವರು. ಒಳ್ಳೆಯದಕ್ಕೇ ಹೇಳಿದರು. ಟ್ಯಾಂಕು ಖಾಲಿ ಮಾಡಿ ಮತ್ತೊಂದು ಕರೆ ಬಂದರೆ ಏನು ಗತಿ ಎಂದು ಸಾಹೇಬರು ಕೇಳಿದರು. ಅದೂ ನಿಯಮವೇ. ಟ್ಯಾಂಕು ಯಾವಾಗಲೂ ತುಂಬಿರಬೇಕು. ಕೋಟಿನ ಗುಂಡಿ ಬಿಚ್ಚಿದೆವು, ಕೋಟು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಭಾವನವರು ನಡುಗತೊಡಗಿದರು. ಚಳಿಜ್ವರ ಇರಬೇಕೆಂದು ಯಾರೋ ಕಂಬಳಿ ತಂದು ಹೊದಿಸಿದರು. ಬೆಂಕಿ ಆರಿಸುವುದನ್ನೇ ಕೆಲಸ ಮಾಡಿಕೊಂಡ ನಾವು ಹನ್ನೊಂದು ಜನ ಸೇರಿ ಉರಿಯುತ್ತಿದ್ದ ಮನುಷ್ಯನಿಗೆ ಕಂಬಳಿ ಹೊದಿಸಿದೆವು. ಈ ವಾಕ್ಯ ಬೇಡವೆಂದು ಪೇದೆಯವರು ಹೇಳಲಿಲ್ಲ.

ಒಂದು ಇಪ್ಪತ್ತಕ್ಕೆ ಭಾವನವರಿಗೆ ಸೆಳೆತ ಬಂತು. ಮುಖ್ಯ ಫೈರ್‌ಮನ್ ಅವರು ಆಂಬುಲೆನ್ಸಿಗೆ ಫೋನ್ ಮಾಡಿದರು. ನಾನು ಯಾರ ಅಪ್ಪಣೆಗೂ ಕಾಯದೆ ಇನ್ನೊಬ್ಬರ ಸಹಾಯದಿಂದ ಭಾವನವರನ್ನು ಹೊರಗೆ ಹೊತ್ತು ತಂದು, ಗಾಡಿಯ ನೆರಳಿನಲ್ಲಿ ಮಲಗಿಸಿ, ಕೋಟು ಕಿತ್ತೆಸೆದು ಪೈಪು ಬಿಟ್ಟೆ. ಪೈಪಿನಲ್ಲಿ ನಿಂತಿದ್ದ ನೀರು ಬಿಸಿಲಿಗೆ ಕಾದಿತ್ತು. ಮೊದಲು ಬಂದದ್ದು ಬಿಸಿನೀರು. ಅದನ್ನು ಪಕ್ಕಕ್ಕೆ ತಿರುಗಿಸಿ, ತಣ್ಣಗಾದ ಮೇಲೆ ಅವರ ಮೈಮೇಲೆ ಬಿಟ್ಟೆ. ಸಾಹೇಬರು ಆಗ ತಡೆಯಲಿಲ್ಲ. ಅವರೇ ಬಂದು ಭಾವನವರ ತಲೆ ಎತ್ತಿ ಹಿಡಿದುಕೊಂಡರು. ಆಂಬುಲೆನ್ಸು ಒಂದು ನಲವತ್ತಕ್ಕೆ ಬಂತು. ಏಳು ಕಿಲೋಮೀಟರ್ ದೂರದ ಈ ಆಸ್ಪತ್ರೆಗೆ ಎರಡು ಗಂಟೆಗೆ ತಲುಪಿದೆವು.

ಇಲ್ಲಿಯ ಡಾಕ್ಟರಮ್ಮನವರು ಎಲ್ಲಿ ಕೆಲಸ ಎಂದು ಕೇಳಿದರು. ಹೇಳಿದೆ. ಅಲ್ಲಿ ನೀರಿರಲಿಲ್ಲವೇ ಎಂದು ಕೇಳಿದರು. ನಾಲ್ಕೂವರೆ ಸಾವಿರ ಲೀಟರ್ ಇತ್ತು ಎಂದು ಹೇಳಿದೆ. ಅವರು ಕೈಯಲ್ಲಿದ್ದ ಚೀಟಿಯಲ್ಲಿ ಅದನ್ನು ಬರೆದುಕೊಂಡರು. ಆಮೇಲೆ ವಿವರಿಸಿದರು. ಓಡಿ ದಣಿದವರಿಗೆ ಬಿಸಿಲಿನ ಆಘಾತವಾದಾಗ ಬೆವರು ನಿಲ್ಲಲೇಬೇಕೆಂದಿಲ್ಲ. ಅಸಂಬದ್ಧವಾಗಿ ಮಾತಾಡುವುದು, ತೂರಾಡುವುದೇ ದೊಡ್ಡ ಸೂಚನೆ. ಆ ಕ್ಷಣದಲ್ಲೇ ಓಟ ನಿಲ್ಲಿಸಿ, ಬಟ್ಟೆ ಬಿಚ್ಚಿ, ನಿಂತಲ್ಲೇ ತಣ್ಣೀರಿನಲ್ಲಿ ಮೈ ತಣಿಸಬೇಕು, ಆಂಬುಲೆನ್ಸು ಬರುವವರೆಗೂ ತಣಿಸುತ್ತಲೇ ಇರಬೇಕು. ಭಾವನವರ ಬಾಯಲ್ಲಿ ಮದ್ಯದ ವಾಸನೆ ಇರಲಿಲ್ಲವೆಂದೂ, ಪರೀಕ್ಷೆಗೆ ರಕ್ತ ತೆಗೆದಿರುವುದಾಗಿಯೂ ಅವರು ಹೇಳಿದರು. ಭಾವನವರು ನಾಲ್ಕೂಕಾಲು ಗಂಟೆಗೆ ತೀರಿಕೊಂಡರು.

ನನ್ನ ಅಕ್ಕ ಆಸ್ಪತ್ರೆಗೆ ಬರುವಷ್ಟರಲ್ಲಿ, ಕುಡಿದು ಬಂದು ಸಾಹೇಬರನ್ನು ಬೈದರಂತೆ ಎಂಬ ಸುದ್ದಿ ವಸತಿಗೃಹದಲ್ಲಿ ಹಬ್ಬಿ ಅವಳ ಕಿವಿಗೆ ಬಿದ್ದಾಗಿತ್ತು. ಅವಳು ಮೊಗಸಾಲೆಯಲ್ಲಿ ನನ್ನ ಅಂಗಿ ಹಿಡಿದು ಕೇಳಿದಳು.

"ನಿಜ ಹೇಳೋ. ನಿಮ್ ಭಾವ ಕುಡಿದಿದ್ರಾ?"

"ಇಲ್ಲ ಕಣಕ್ಕಾ. ನನ್ನಾಣೆ ಇಲ್ಲ."

"ಮತ್ತೆ ಸಾಹೇಬ್ರಿಗೆ ಏನಂತ ಬೈದ್ರು?"

ಮೇಲೆ ಬರೆಸಿರುವ ಮಾತನ್ನು ಹಾಗೆಯೇ ಹೇಳಿದೆ. ಅಕ್ಕ ನನ್ನ ಅಂಗಿ ಬಿಟ್ಟು ಗೋಡೆಗೆ ಒರಗಿದಳು. ಒಂಬತ್ತು ವರ್ಷದ ಮಗಳು ದಿನಾ ಮಧ್ಯಾಹ್ನ ಒಂದಕ್ಕೆ ಅಪ್ಪನಿಗೆ ಊಟದ ಡಬ್ಬಿ ತರುತ್ತಾಳೆ. ಎಷ್ಟು ಹೇಳಿದರೂ ಚಪ್ಪಲಿ ಹಾಕುವುದಿಲ್ಲ, ಕಾಂಕ್ರೀಟಿನ ಅಂಗಳದಲ್ಲಿ ಕುಣಿಯುತ್ತಾ ಬರುತ್ತಾಳೆ. ಭಾವನವರು ದಿನಾ ಅವಳಿಗೆ ಹೇಳುತ್ತಿದ್ದದ್ದು ಇದೇ ಮಾತು. ಇವತ್ತು ಬಿಸಿಲು ಹೆಚ್ಚೆಂದು ಅಕ್ಕ ಅವಳನ್ನು ಕಳಿಸಿರಲಿಲ್ಲ. ಡಬ್ಬಿ ಕಟ್ಟಿಕೊಂಡು ಬಾಗಿಲವರೆಗೆ ಬಂದವಳನ್ನು ಎರಡು ಸಲ ಒಳಗೆ ಕರೆದಿದ್ದಳಂತೆ.

"ಬೈದಿಲ್ಲ ಕಣೋ," ಎಂದಳು ಅಕ್ಕ. "ಒಂದು ಗಂಟೆ ಆಯ್ತಲ್ಲ, ಮಗು ಊಟ ತಂದಿದೆ ಅಂದ್ಕೊಂಡಿದಾರೆ."

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ರಕ್ತಪರೀಕ್ಷೆಯ ವರದಿ ಬರುವ ಮುಂಚೆ ಕುಡಿದಿದ್ದರು ಎಂದು ಎಲ್ಲಿಯೂ ಬರೆಯಬಾರದು. ಕುಡಿದು ಸತ್ತವನ ಮಗಳು ಎಂಬ ಮಾತು ಆ ಮಗುವಿನ ಬೆನ್ನು ಹತ್ತಬಾರದು. ಮೇಲಧಿಕಾರಿಗೆ ಅವಾಚ್ಯ ಶಬ್ದ ಬಳಸಿದರು ಎಂದು ಸಾಹೇಬರು ತಮ್ಮ ಹೇಳಿಕೆಯಲ್ಲಿ ಬರೆಸಿದ್ದಾರೆಂದು ತಿಳಿಯಿತು. ಆ ಶಬ್ದಗಳು ಯಾವುವು ಎಂಬುದು ನನ್ನ ಈ ಹೇಳಿಕೆಯಲ್ಲಿ ಇರಬೇಕು. ಸಾಹೇಬರ ಮೇಲೆ ನನಗೆ ದ್ವೇಷವಿದೆಯೇ ಎಂದು ತಾವು ಕೇಳಿದಿರಿ. ಸಿಟ್ಟಿದೆ, ಇಲ್ಲವೆಂದು ಬರೆಯಬೇಡಿ. ಆದರೆ ನಕ್ಕವರು ಅವರಲ್ಲ, ಕಂಬಳಿ ತಂದವರೂ ಅವರಲ್ಲ. ನಾವೆಲ್ಲರೂ ಆ ಅಂಗಳದಲ್ಲೇ ಇದ್ದೆವು. ನಮ್ಮ ಪೈಕಿ ಇನ್ನೊಬ್ಬರನ್ನು ನೋಡಿ, ಬಿಸಿಲಲ್ಲಿ ನಿಲ್ಲಬೇಡ, ಒಳಗೆ ಹೋಗು ಎಂದು ಹೇಳಿದವರು ನನ್ನ ಭಾವ ಒಬ್ಬರೇ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ. ಭಾವನವರ ಮಾತಿರುವ ಸಾಲನ್ನು ಎರಡನೇ ಸಲ ಓದಿಸಿ ಕೇಳಿ, ಸರಿಯಿದೆಯೆಂದು ಒಪ್ಪಿ ರುಜು ಮಾಡಿರುತ್ತೇನೆ.

ಸ್ಥಳ: ಆಸ್ಪತ್ರೆಯ ಪೊಲೀಸ್ ಹೊರಠಾಣೆ
ದಿನಾಂಕ: ಮೇ ಹದಿನೇಳು, ರಾತ್ರಿ ಎಂಟು ಗಂಟೆ
(ರುಜು) ವಾಹನ ಚಾಲಕ, ಮೃತರ ಹೆಂಡತಿಯ ತಮ್ಮ