ಕೂಸಿಗೆಂದು ಉಳಿಸಿದ ಮೂವತ್ತು

ಬೇಸಿಗೆ ಭತ್ತದ ಕೊಯ್ಲು ನಡೆದಿತ್ತು. ತುರ್ವಿಹಾಳದಲ್ಲಿ ರಸ್ತೆಯ ಮೇಲೆ ಹರವಿದ ಕಾಳನ್ನು ತಿರುವಿ ಹಾಕುವ ಕೆಲಸವನ್ನು ಸೊಸೆಗೆ ಒಪ್ಪಿಸಿ, ಗದ್ದೆಮ್ಮ ಮೊಣಕಾಲು ತೋರಿಸಲು ಸಿಂಧನೂರಿನ ಆಸ್ಪತ್ರೆಗೆ ಬಂದಿದ್ದಳು. ಅವಳು ಕೂತ ಬೆಂಚಿನಲ್ಲೇ ಗಂಡ ಹೆಂಡತಿ ಪಿಸುಗುಟ್ಟುತ್ತಿದ್ದುದು ಬೇಡವೆಂದರೂ ಅವಳ ಕಿವಿಗೆ ಬೀಳುತ್ತಿತ್ತು.

“ಸೋಲಾರ್ ಬ್ಯಾಟರಿ ಮೂವತ್ತು ಪರ್ಸೆಂಟಿಗೆ ಇಳಿದ್ರ ತಾನ ನಿಂದ್ರಂಗ ಇಟ್ಟಾವ ನೀನ. ‘ಆ ಮೂವತ್ತು ನಿನ್ನ ಕೂಸಿನ ದಮ್ಮಿನ ಮಷಿನ್‌ಗೆ, ಕರೆಂಟ್ ಹೋದ್ರ ಎಷ್ಟೊತ್ತಿಗಾದ್ರೂ ಬಾ’ ಅಂತ ಪಕ್ಕದ ಮನಿ ಲಕ್ಷ್ಮಿದೇವಿಗೆ ಹೇಳಿದಾವನೂ ನೀನ.”

“ಮೆಲ್ಲಕ ಮಾತಾಡ, ನಂದಿನಿ.”

“ನಿನ್ನೆ ಫೋನಿನ್ಯಾಗ ಒತ್ತಿ ಆ ಮೂವತ್ತನ್ನ ಐದಕ್ಕ ಯಾಕ ಇಳಿಸಿದಿ?”

“ಕರೆಂಟ್ ಹೋಗಿತ್ತು, ಮಗಳನ್ನ ನೋಡಾಕ ಬಂದೋರು ಕುಂತಿದ್ರು. ಅವರ ಮುಂದ ಕೂಲರ್ ನಿಂತ್ರ ಮರ್ಯಾದಿ ಏನ್ ಉಳೀತಿತ್ತು?”

“ಈಗ ಭಾಳ ಉಳೀತು ನೋಡು! ನಸುಕಿನ್ಯಾಗ ಅಕಿ ಕೂಸು ಎತ್ಕೊಂಡು ಓಡಿ ಬಂದ್ರ ಒಂದು ಲೈಟ್ ಸುದ್ದಾ ಹತ್ಲಿಲ್ಲ.”

“ಬ್ಯಾಟರಿ ಕೆಟ್ಟೈತಿ ಅಂತ ಅಕಿಗೆ ಹೇಳೀನಿ.”

“ಅಕಿ ಹೊರಗ ಬಂದ ಕೂಡ್ಲೆ ಖರೇ ಹೇಳು.”

ಒಳಗಿನಿಂದ ಲಕ್ಷ್ಮಿದೇವಿ ಬಂದಳು. ಹೆಗಲ ಮೇಲೆ ಕೂಸು ಸಲೀಸಾಗಿ ಉಸಿರಾಡುತ್ತ ನಿದ್ದೆ ಹೋಗಿತ್ತು.

“ಪಂಪಾಪತಣ್ಣ, ನೀ ಯಾಕ ತಲಿ ತಗ್ಗಿಸ್ತಿ? ಓಡಿ ಹೋಗಿ ಆಟೋ ತಂದಾವ ನೀನ. ಆ ಬ್ಯಾಟರಿ ಮಾರಿದಾವನ್ನ ಮಾತ್ರ ಬಿಡಬ್ಯಾಡ, ಚಂದಂಗ ಬೈ.”

ನಂದಿನಿ ಗಂಡನ ಮುಖವನ್ನೇ ನೋಡಿದಳು.

“ಬೈತೀನವ್ವ,” ಎಂದ ಅವನು.

ನಂದಿನಿ ಕೂಸನ್ನು ಇಸಿದುಕೊಂಡು ಲಕ್ಷ್ಮಿದೇವಿಯ ಜೊತೆ ಆಟೋದ ಕಡೆ ನಡೆದಳು. ಹಿಂದೆ ಹೊರಟ ಪಂಪಾಪತಿಯ ಕಣ್ಣು ಗದ್ದೆಮ್ಮನ ಕಣ್ಣಿಗೆ ತಾಗಿತು. ಸುಳ್ಳಾಡಿದವಳು ತಾನೇ ಎಂಬಂತೆ ಅವಳು ಸೆರಗು ಎಳೆದುಕೊಂಡು ಮುಖ ತಿರುಗಿಸಿದಳು.