ಕನ್ನಡಿಗೆ ಒಪ್ಪಿಸಿದ ಪಾಠ

ಆಸ್ಪತ್ರೆಯಲ್ಲಿ ಡ್ರಿಪ್ ಕೊಡುವ ಕೋಣೆಯ ಹೊರಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅಕ್ಕ, ತಮ್ಮ. ಅಕ್ಕ ತಲೆಗೆ ಬಟ್ಟೆ ಸುತ್ತಿಕೊಂಡಿದ್ದಳು. ತಮ್ಮನ ಕೊರಳಲ್ಲಿ ಔಷಧಿ ಕಂಪನಿಯೊಂದರ ಬ್ಯಾಡ್ಜು ನೇತಾಡುತ್ತಿತ್ತು, ಕೈಯಲ್ಲಿ ಕಾಫಿ ಲೋಟವಿತ್ತು.

“ಅಕ್ಕಾ, ಹಳೇ ಔಷಧೀನೇ ಹಾಕಿಸೋಣ. ಇನ್ನೂ ಹೊತ್ತು ಮೀರಿಲ್ಲ.”

“ನಿಮ್ಮ ಕಂಪನಿ ಬಯೋಸಿಮಿಲರು, ಅದೇ ಆ ಔಷಧೀನ ಹೋಲೋ ಅಗ್ಗದ ಔಷಧೀನೂ, ಅದರ ಹಾಗೇ ಕೆಲಸ ಮಾಡುತ್ತೆ ಅಂತ ಡಾಕ್ಟರೇ ಬದಲಾಯಿಸಿದಾರೆ. ನಿನಗ್ಯಾಕೋ ಇಷ್ಟು ಭಯ?”

“ಎಲ್ಲಿ ಭಯ?”

“ಕಾಫಿ ಪ್ಯಾಂಟಿನ ಮೇಲೆ ಚೆಲ್ತಿದೆ ನೋಡು. ಔಷಧೀಲಿ ಏನಾದ್ರೂ ಐಬು ಇದೆಯಾ? ನಿಜ ಹೇಳು.”

“ಇಲ್ಲ ಕಣಕ್ಕಾ, ನಿನ್ನಾಣೆ. ಪರೀಕ್ಷೆ ಎಲ್ಲ ಸರಿಯಾಗೇ ಆಗಿದೆ. ಎಷ್ಟೋ ಡಾಕ್ಟರುಗಳನ್ನ ನಾನೇ ಒಪ್ಪಿಸಿದೀನಿ.”

“ಮತ್ತೆ?”

“ಅವರ ರೋಗಿಗಳ್ಯಾರೂ ನನಗೆ ತಲೆ ಬಾಚಿ ಸ್ಕೂಲಿಗೆ ಕಳಿಸಿರಲಿಲ್ಲ.”

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಳು.

ಬಾಗಿಲು ತೆರೆದು ನರ್ಸ್ ಕರೆದರು. ಅಕ್ಕ ತಮ್ಮನ ಕಡೆ ತಿರುಗಿದಳು.

“ದಿನಾ ಕನ್ನಡಿ ಮುಂದೆ ಟೈ ಕಟ್ಕೊಂಡು, ಡಾಕ್ಟರಿಗೆ ಹೇಳೋದನ್ನ ಒಪ್ಪಿಸ್ತೀಯಲ್ಲ, ಅದನ್ನ ಒಂದ್ಸಲ ಹೇಳೋ. ನನಗೂ ಭಯ ಆಗ್ತಿದೆ.”

“ಈ ಔಷಧಿಗೂ ಮೂಲ ಔಷಧಿಗೂ ಗುಣದಲ್ಲಿ ವ್ಯತ್ಯಾಸ ಇಲ್ಲ, ಡಾಕ್ಟರ್. ನಿಮ್ಮ ರೋಗಿ... ನಿಮ್ಮ ರೋಗಿ...”



“ನಿಮ್ಮ ರೋಗಿ ನೆಮ್ಮದಿಯಾಗಿರಬಹುದು,” ಅಕ್ಕನೇ ಮುಗಿಸಿದಳು. “ಅಡುಗೆಮನೇಲಿ ಕೇಳಿ ಕೇಳಿ ನನಗೇ ಬಾಯಿಪಾಠ ಆಗಿದೆ. ನಡಿ.”

ಇಬ್ಬರೂ ಎದ್ದರು. ಬಾಗಿಲ ಹತ್ತಿರ ಅವನು ಕೊರಳಿನ ಬ್ಯಾಡ್ಜು ತೆಗೆದು ಜೇಬಿಗೆ ಹಾಕಿಕೊಂಡು, ಅಕ್ಕನ ಕೈ ಹಿಡಿದ.